ಹಿರಿಯರಿಗೆ ಶುಲ್ಕ ಇಳಿಸಿ, ಲೈಸೆನ್ಸ್ ಉಳಿಸಿ

ಹಾಸನದಲ್ಲಿ ಒಳನಾಡು ಮೀನುಗಾರರು ಮತ್ತು ಹಿರಿಯ ನಾಗರಿಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಅರವತ್ತು ದಾಟಿದ ಮೀನುಗಾರರಿಗೆ ಲೈಸೆನ್ಸ್ ಶುಲ್ಕ ಕಡಿಮೆ ಮಾಡಬೇಕು. ಇಲ್ಲಿಯವರೆಗೆ ಎಲ್ಲರೂ ತಲೆ ಆಡಿಸುತ್ತೀರಿ. ನನ್ನ ಮಾತಿನ ಇನ್ನೊಂದು ಅರ್ಧಕ್ಕೆ ನಿಮ್ಮಲ್ಲಿ ಕೆಲವರು ಒಪ್ಪಲಿಕ್ಕಿಲ್ಲ. 'ಪೂರ್ತಿ ಮಾಫಿ ಮಾಡಿ, ವಯಸ್ಸಾದವರಿಗೆ ಲೈಸೆನ್ಸೇ ಬೇಡ ಅನ್ನಿ' ಅಂತ ನಾವು ಕೇಳಬಾರದು. ಶುಲ್ಕ ಇಳಿಯಲಿ, ಲೈಸೆನ್ಸ್ ಕೈಯಲ್ಲಿ ಇರಲಿ. ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಮೊದಲು ನೀರಿನ ಹತ್ತಿರ ಹೋಗೋಣ.

ಗೊರೂರಿನ ಹೇಮಾವತಿ ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 2,922 ಅಡಿ. ಹಿನ್ನೀರು ಸುಮಾರು 8,500 ಹೆಕ್ಟೇರ್ ಹರಡುತ್ತದೆ. ಮಳೆಗಾಲದಲ್ಲಿ ಶೆಟ್ಟಿಹಳ್ಳಿಯ ಹಳೇ ಚರ್ಚು ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ಅದೇ ಚರ್ಚಿನ ಒಳಗೆ ನಡೆದುಕೊಂಡು ಹೋಗಬಹುದು. ನೋಡಲು ಬಂದವರಿಗೆ ಎರಡೂ ಚೆಂದ. ಮೀನು ಹಿಡಿಯುವವರಿಗೆ ಹಾಗಲ್ಲ. ನೀರು ಇಳಿಯುತ್ತಾ ಹೋದ ಹಾಗೆ ದಡ ದೂರ ದೂರ ಸರಿಯುತ್ತದೆ. ನಡುವೆ ಮೊಣಕಾಲು ಹೂತುಹೋಗುವ ಕೆಸರು. ಬಲೆ ಹೆಗಲ ಮೇಲೆ, ತೆಪ್ಪ ತಲೆ ಮೇಲೆ ಕವುಚಿಕೊಂಡು ಆ ಕೆಸರು ದಾಟಬೇಕು. ಮೂವತ್ತರ ಹುಡುಗನಿಗೆ ಅದು ಒಂದು ಕಷ್ಟ, ಅಷ್ಟೆ. ಎಪ್ಪತ್ತರ ಹತ್ತಿರ ಇರುವವರಿಗೆ ಆ ವರ್ಷದ ಕೆಲಸ ಅಲ್ಲಿಗೆ ಮುಗಿಯಿತು ಅಂತಲೇ ಲೆಕ್ಕ. ಮಳೆಗಾಲ ಮೀನು ಮೊಟ್ಟೆ ಇಡುವ ಕಾಲ, ಆಗ ಬಲೆ ಹಾಕುವ ಹಾಗಿಲ್ಲ, ಹಾಕಲೂಬಾರದು. ಧನುರ್ಮಾಸದ ಚಳಿಯಲ್ಲಿ ಬೆಳಗಿನ ಜಾವ ನೀರಿಗೆ ಇಳಿಯುವುದು ಈ ವಯಸ್ಸಿಗೆ ಆಗುವ ಮಾತಲ್ಲ. ಇದೆಲ್ಲ ಕಳೆದು ಉಳಿದ ತಿಂಗಳು ಎಷ್ಟು, ನೀವೇ ಲೆಕ್ಕ ಹಾಕಿ. ಶುಲ್ಕ ಮಾತ್ರ ಇಡೀ ವರ್ಷದ್ದು.

ಬೀಸುಬಲೆ ಬೀಸುವುದನ್ನು ಹತ್ತಿರದಿಂದ ನೋಡಿದ್ದೀರಾ? ಇಲ್ಲಿ ಅರ್ಧ ಜನ ಬೀಸಿದವರೇ ಇದ್ದೀರಿ, ಉಳಿದವರಿಗೋಸ್ಕರ ಹೇಳುತ್ತೇನೆ. ಬಲೆಯ ಅಂಚಿಗೆ ಸುತ್ತಲೂ ಸೀಸದ ಗುಂಡು ಪೋಣಿಸಿರುತ್ತಾರೆ. ಒಂದು ಪಾಲನ್ನು ಎಡ ಮೊಣಕೈ ಮೇಲೆ ಇಳಿಬಿಟ್ಟು, ಅಂಚಿನ ಒಂದು ಕಡೆಯನ್ನು ಹಲ್ಲಲ್ಲಿ ಕಚ್ಚಿ, ಉಳಿದದ್ದನ್ನು ಬಲಗೈಯಲ್ಲಿ ಹಿಡಿಯುತ್ತಾರೆ. ಸೊಂಟ ತಿರುಗಿಸಿ ಬೀಸಿದಾಗ, ಸರಿಯಾದ ಗಳಿಗೆಗೆ ಹಲ್ಲು ಬಿಟ್ಟರೆ, ಬಲೆ ದುಂಡಗೆ ಬಿಚ್ಚಿಕೊಂಡು ನೀರಿಗೆ ಬೀಳುತ್ತದೆ. ಮುದ್ದೆಯಾಗಿ ಬಿದ್ದರೆ ಮೀನು ಆಗಲೇ ಜಾಗ ಖಾಲಿ ಮಾಡಿರುತ್ತದೆ. ಒಂದು ಸಲ ಒದ್ದೆಯಾದ ಮೇಲೆ ಬಲೆಯ ಭಾರ ಇನ್ನೂ ಜಾಸ್ತಿ. ಹುಡುಗರು ಮಧ್ಯಾಹ್ನದವರೆಗೂ ಬೀಸುತ್ತಾರೆ. ಅರವತ್ತೈದು ದಾಟಿದವರಿಗೆ ಹತ್ತು ಸಲ ಬೀಸುವಷ್ಟರಲ್ಲಿ ಭುಜ ಹಿಡಿದುಕೊಳ್ಳುತ್ತದೆ. ಹಲ್ಲು ಉದುರಿದವರು ಏನನ್ನು ಕಚ್ಚಿ ಹಿಡಿಯಬೇಕು? ನನಗೆ ಗೊತ್ತಿರುವ ಒಬ್ಬ ಅಜ್ಜ ಆ ಅಂಚನ್ನು ಹೆಗಲಿಗೆ ಸಿಕ್ಕಿಸಿಕೊಂಡು ಬೀಸುತ್ತಾರೆ. ಬಲೆ ಅರ್ಧ ಮಾತ್ರ ಅರಳುತ್ತದೆ. ಸಿಗುವ ಮೀನೂ ಅಷ್ಟಕ್ಕಷ್ಟೆ.

ನಾನು ಮೀನುಗಾರರ ಸಹಕಾರ ಸಂಘವೊಂದರ ಲೆಕ್ಕ ಬರೆಯುತ್ತಿದ್ದವನು. ಲೈಸೆನ್ಸ್ ನವೀಕರಣದ ಕಾಲಕ್ಕೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಅಂತ ನೋಡುತ್ತಿದ್ದೆ. ಮೊದಲು ಬಿಟ್ಟುಹೋಗುವ ಹೆಸರು ಹಿರಿಯರದ್ದು. 'ಯಾಕೆ ಯಜಮಾನ್ರೇ, ಈ ಸಲ ಮಾಡಿಸೋಲ್ವಾ?' ಅಂತ ಕೇಳಿದರೆ, 'ಬಿಡಿ ಸ್ವಾಮಿ, ಇನ್ನೆಷ್ಟು ಹಿಡಿಯೋದಿದೆ, ಸುಮ್ನೆ ದುಡ್ಡು ದಂಡ' ಅನ್ನುತ್ತಾರೆ. ಹಾಗಂತ ನೀರಿಗೆ ಹೋಗುವುದನ್ನು ಬಿಡುತ್ತಾರಾ? ಬಿಡುವುದಿಲ್ಲ. ಬೆಳಗಾದರೆ ಗಾಳ ಹಿಡಿದು ದಡಕ್ಕೆ ಬಂದೇ ಬರುತ್ತಾರೆ. ಒಂದೆರಡು ಗೆಂಡೆ, ನಾಲ್ಕು ಜಿಲೇಬಿ ಮೀನು ಸಿಕ್ಕರೆ ಮನೆಗೆ ಸಾರಾಯಿತು, ಮಿಕ್ಕಿದ್ದರೆ ಪಕ್ಕದ ಮನೆಗೆ ಮಾರಿದರಾಯಿತು. ವ್ಯತ್ಯಾಸ ಇಷ್ಟೆ. ನಿನ್ನೆಯವರೆಗೆ ಲೈಸೆನ್ಸ್ ಇದ್ದ ಮೀನುಗಾರರು ಇವತ್ತು ಕಾನೂನಿನ ಕಣ್ಣಲ್ಲಿ ಕದ್ದು ಹಿಡಿಯುವವರಾಗಿಬಿಟ್ಟರು.

ಇಲ್ಲಿಂದ ನನ್ನ ವಾದ ಶುರುವಾಗುತ್ತದೆ. ಲೈಸೆನ್ಸ್ ಅಂದರೆ ಬರೀ ಮೀನು ಹಿಡಿಯುವ ಅನುಮತಿ ಅಂತ ನಾವು ತಿಳಿದುಕೊಂಡಿದ್ದೇವೆ. ಅದಕ್ಕಿಂತ ದೊಡ್ಡ ಕೆಲಸ ಅದು ಮಾಡುತ್ತದೆ. ಈ ಮನುಷ್ಯ ಮೀನುಗಾರ ಅಂತ ಸರ್ಕಾರ ಬರೆದುಕೊಡುವ ಕಾಗದ ಅದು. ತೆಪ್ಪ ಮಗುಚಿ ಏನಾದರೂ ಆಯಿತು ಅಂತ ಇಟ್ಟುಕೊಳ್ಳಿ. ಕೇಂದ್ರದ ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಮೀನುಗಾರ ಸತ್ತರೆ ಮನೆಯವರಿಗೆ 5 ಲಕ್ಷ ರೂಪಾಯಿ ಇದೆ. ಅದನ್ನು ಕೇಳಲು ಹೋದಾಗ ಮೊದಲ ಪ್ರಶ್ನೆ, ಇವರು ಮೀನುಗಾರರು ಅನ್ನುವುದಕ್ಕೆ ದಾಖಲೆ ಎಲ್ಲಿ ಅಂತ. ಲೈಸೆನ್ಸ್ ಬಿಟ್ಟುಹೋದ ಮನೆಯವರು ಆಗ ಏನು ತೋರಿಸಬೇಕು? ಮನೆ ಕಟ್ಟಲು ನೆರವು, ಸಬ್ಸಿಡಿ ತೆಪ್ಪ, ಬಲೆಯ ಕಿಟ್, ಯಾವುದಕ್ಕೆ ಹೋದರೂ ಇದೇ ಮಾತು. ಹಾಗಾಗಿ ಯಾರಾದರೂ ಬಂದು 'ಹಿರಿಯರಿಗೆ ಲೈಸೆನ್ಸ್ ಬೇಕಾಗಿಲ್ಲ, ಹೋಗಿ ಹಿಡಿದುಕೊಳ್ಳಲಿ' ಅಂತ ಉದಾರವಾಗಿ ಹೇಳಿದರೆ, ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ಪಟ್ಟಿಯಿಂದ ಹೆಸರು ಹೋದರೆ ಎಲ್ಲ ಕಡೆಯಿಂದಲೂ ಹೋದ ಹಾಗೆ.

ಬೇರೆ ದೇಶಗಳಲ್ಲಿ ಈ ಪ್ರಶ್ನೆ ಬಂದು ಬಹಳ ಕಾಲ ಆಯಿತು. ಅಲ್ಲಿಯ ಲೈಸೆನ್ಸ್ ಹೆಚ್ಚಾಗಿ ಹವ್ಯಾಸಕ್ಕೆ ಗಾಳ ಹಾಕುವವರದ್ದು, ಆ ವ್ಯತ್ಯಾಸ ನೆನಪಿರಲಿ. ಅಮೆರಿಕದ ಫ್ಲಾರಿಡಾದಲ್ಲಿ 65 ತುಂಬಿದ ಸ್ಥಳೀಯರು ಲೈಸೆನ್ಸ್ ಇಲ್ಲದೆ ಹಿಡಿಯಬಹುದು, ವಯಸ್ಸಿಗೂ ಅಲ್ಲಿನ ವಾಸಕ್ಕೂ ದಾಖಲೆ ಜೇಬಿನಲ್ಲಿದ್ದರೆ ಸಾಕು. ಟೆಕ್ಸಾಸ್‌ನಲ್ಲಿ ಬೇರೆ ದಾರಿ. ಸಿಹಿನೀರಿನ ಲೈಸೆನ್ಸಿಗೆ ಬೇರೆಯವರು 30 ಡಾಲರ್ ಕೊಟ್ಟರೆ, 65 ದಾಟಿದವರು 12 ಡಾಲರ್ ಕೊಡುತ್ತಾರೆ. ಇಂಗ್ಲೆಂಡಿನಲ್ಲಿ 66 ಆದವರಿಗೆ ರಿಯಾಯಿತಿ ಇದೆ. ಅಲ್ಲಿನ ಇನ್ನೊಂದು ನಿಯಮ ನನಗೆ ತುಂಬಾ ಹಿಡಿಸಿತು. 13ರಿಂದ 16 ವರ್ಷದ ಮಕ್ಕಳಿಗೆ ಲೈಸೆನ್ಸ್ ಫ್ರೀ, ಆದರೆ ತೆಗೆದುಕೊಳ್ಳಲೇಬೇಕು. ದುಡ್ಡು ಬೇಡ, ಹೆಸರು ಬೇಕು ಅಂತ ಅವರ ಲೆಕ್ಕ.

ಹೆಸರು ಯಾಕೆ ಬೇಕು ಅನ್ನುವುದಕ್ಕೆ ಅಮೆರಿಕದ್ದೇ ಒಂದು ಉದಾಹರಣೆ ಕೊಡುತ್ತೇನೆ. ಅಲ್ಲಿ 1950ರಿಂದ ಒಂದು ಕಾನೂನಿದೆ. ಗಾಳ, ರೀಲು ಮುಂತಾದ ಸಾಮಾನಿನ ಮೇಲೆ ಕೇಂದ್ರ ಸರ್ಕಾರ ತೆರಿಗೆ ಹಾಕಿ, ಆ ಹಣವನ್ನು ಮೀನಿನ ಅಭಿವೃದ್ಧಿಗೆ ಅಂತ ರಾಜ್ಯಗಳಿಗೆ ಹಂಚುತ್ತದೆ. ಹಂಚುವಾಗ ಶೇಕಡಾ 60 ಭಾಗಕ್ಕೆ ನೋಡುವುದು ಆ ರಾಜ್ಯದಲ್ಲಿ ದುಡ್ಡು ಕೊಟ್ಟು ಲೈಸೆನ್ಸ್ ಪಡೆದವರ ಸಂಖ್ಯೆಯನ್ನು. ಹಿರಿಯರಿಗೆ ಲೈಸೆನ್ಸೇ ಬೇಡ ಅಂದ ರಾಜ್ಯದಲ್ಲಿ ಆ ಹಿರಿಯರು ಲೆಕ್ಕಕ್ಕೇ ಸಿಗುವುದಿಲ್ಲ. ಚಿಕ್ಕ ಶುಲ್ಕ ಇಟ್ಟುಕೊಂಡ ರಾಜ್ಯದಲ್ಲಿ ಸಿಗುತ್ತಾರೆ. ನಮ್ಮಲ್ಲಿ ಆ ತೆರಿಗೆ ಇಲ್ಲ, ಆ ಹಂಚಿಕೆಯೂ ಇಲ್ಲ. ಆದರೆ ಲೆಕ್ಕಕ್ಕೆ ಸಿಗದವರಿಗೆ ಏನೂ ಸಿಗುವುದಿಲ್ಲ ಅನ್ನುವುದು ಇಲ್ಲಿಗೂ ಸರಿಯಾಗಿಯೇ ಹೊಂದುತ್ತದೆ, ಅಲ್ವಾ? ಖುಷಿಗೆ ಗಾಳ ಹಾಕುವ ಹಿರಿಯರಿಗೇ ಅಷ್ಟು ದೂರದ ಸರ್ಕಾರಗಳು ಯೋಚನೆ ಮಾಡಿವೆ. ನಮ್ಮವರು ಹೊಟ್ಟೆಪಾಡಿಗೆ ಹೋಗುವವರು.

ನಮ್ಮ ರಾಜ್ಯಕ್ಕೂ ಈ ವಿಚಾರ ಹೊಸದಲ್ಲ. 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ತಂದಾಗ 65 ದಾಟಿದ ಸಣ್ಣ ರೈತರು, ಕೂಲಿಗಳು, ನೇಕಾರರ ಜೊತೆಗೆ ಮೀನುಗಾರರು ಅಂತ ಹೆಸರು ಹಿಡಿದೇ ಬರೆದರು. ಈಗ ಅದು ತಿಂಗಳಿಗೆ 1,200 ರೂಪಾಯಿ. ವಯಸ್ಸಾದ ಬಡ ಮೀನುಗಾರರಿಗೆ ನೆರವು ಬೇಕು ಅಂತ ಸರ್ಕಾರವೇ ಒಪ್ಪಿದೆ ಅಂತಾಯಿತು. ಒಂದು ಕಿಟಕಿಯಲ್ಲಿ ಕೊಟ್ಟು ಇನ್ನೊಂದು ಕಿಟಕಿಯಲ್ಲಿ ಪೂರ್ತಿ ಶುಲ್ಕ ಇಸ್ಕೊಳ್ಳುವುದು ಸರಿಯಲ್ಲ. ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ 60 ಆದವರಿಗೆ ಶೇಕಡಾ 25 ರಿಯಾಯಿತಿ ಇದೆ. ಮೀನು ಹಿಡಿಯಬಾರದ ತಿಂಗಳುಗಳಿಗೆ ಮತ್ಸ್ಯ ಸಂಪದದಲ್ಲಿ ಕೊಡುವ ಜೀವನೋಪಾಯದ ನೆರವು 18ರಿಂದ 60 ವರ್ಷದವರಿಗೆ. ಅರವತ್ತು ಮುಗಿದ ಮರುದಿನ ಅದು ಇಲ್ಲ. ಸಂಧ್ಯಾ ಸುರಕ್ಷಾ ಶುರುವಾಗುವುದು ಅರವತ್ತೈದಕ್ಕೆ. ಈ ಐದು ವರ್ಷದ ಸಂದಿಯಲ್ಲಿ ಸಿಕ್ಕಿಕೊಂಡವರ ಪಾಡು ಏನು? ಆದ್ದರಿಂದಲೇ ರಿಯಾಯಿತಿ 60ಕ್ಕೇ ಶುರುವಾಗಲಿ ಅಂತ ನಾನು ಕೇಳುತ್ತಿದ್ದೇನೆ. 2007ರ ಹಿರಿಯ ನಾಗರಿಕರ ಕಾಯ್ದೆಯೂ ಅರವತ್ತನ್ನೇ ಹಿರಿಯ ವಯಸ್ಸು ಅಂತ ಇಟ್ಟುಕೊಂಡಿದೆ.

ಇನ್ನೊಂದು ಎಚ್ಚರಿಕೆ. ರಿಯಾಯಿತಿಯನ್ನು ಯಾರದೋ ದಯೆಯಾಗಿ ಪಡೆಯಬೇಡಿ, ನಿಯಮದಲ್ಲಿ ಬರೆಸಿಕೊಳ್ಳಿ. ರೈಲಿನಲ್ಲಿ ಗಂಡಸರಿಗೆ 60ಕ್ಕೆ ಶೇಕಡಾ 40, ಹೆಂಗಸರಿಗೆ 58ಕ್ಕೆ ಶೇಕಡಾ 50 ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ನಿಲ್ಲಿಸಿದರು. ಕೊರೋನಾ ಹೋಯಿತು, ರಿಯಾಯಿತಿ ವಾಪಸ್ ಬರಲಿಲ್ಲ.

ಈಗ ಎಷ್ಟು ಕಡಿಮೆ ಮಾಡಬೇಕು ಅನ್ನುವ ಪ್ರಶ್ನೆ. ವಯಸ್ಸನ್ನು ಮಾತ್ರ ನೋಡಿದರೆ ಸಾಲದು, ಸಲಕರಣೆಯನ್ನೂ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಸಾಗರ, ಸೊರಬದ ಕಡೆ ಕೆರೆ ಬೇಟೆ ಅಂತ ಮಾಡುತ್ತಾರೆ, ಗೊತ್ತಲ್ಲ? ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಸುತ್ತಮುತ್ತಲ ಊರಿನವರೆಲ್ಲ ಕೂಣಿ, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿ, ಹಿಡಿದು ಒಟ್ಟಿಗೆ ಇಳಿಯುತ್ತಾರೆ. ಎಷ್ಟು ಜನ ನೋಡಲು ಬಂದರು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಒಂದು ಕೂಣಿಗೆ ಇಂತಿಷ್ಟು ಅಂತ ದುಡ್ಡು. ಆ ಹಣ ಊರಿನ ಕೆಲಸಕ್ಕೆ ಹೋಗುತ್ತದೆ. ಎಷ್ಟು ಸಲಕರಣೆ ನೀರಿಗೆ ಇಳಿಯುತ್ತದೋ ಅಷ್ಟಕ್ಕೆ ಶುಲ್ಕ. ಯಾವ ಅಧಿಕಾರಿಯೂ ಕೂತು ಮಾಡಿದ ನಿಯಮವಲ್ಲ ಅದು, ಜನರೇ ಮಾಡಿಕೊಂಡದ್ದು. ಅದೇ ನ್ಯಾಯ ಜಲಾಶಯಕ್ಕೂ ಬರಲಿ. ಒಂದು ಗಾಳ ಅಥವಾ ಒಂದು ಬೀಸುಬಲೆ ಇಟ್ಟುಕೊಂಡ ಹಿರಿಯರಿಗೆ ಹೆಸರಿಗೆ ಮಾತ್ರ ಒಂದು ಶುಲ್ಕ. ತೆಪ್ಪ ಇದ್ದು ರಾತ್ರಿಯೆಲ್ಲ ಬಲೆ ಕಟ್ಟಿ ಬಿಡುವ ಹಿರಿಯರಿಗೆ ಅರ್ಧ.

ಇದಕ್ಕೆ ಬರುವ ತಕರಾರುಗಳು ನನಗೆ ಗೊತ್ತು. ಮೊದಲನೆಯದು, ಅಪ್ಪನ ಹೆಸರಿನಲ್ಲಿ ಕಡಿಮೆ ಶುಲ್ಕ ಕಟ್ಟಿ ಮಗ ಮೀನು ಹಿಡಿಯುತ್ತಾನೆ. ಹಿಡಿಯಬಹುದು, ಇಲ್ಲ ಅನ್ನುವುದಿಲ್ಲ. ಅದಕ್ಕೇ ಸಲಕರಣೆಗೆ ಮಿತಿ ಇಡಿ ಅಂತ ಹೇಳಿದ್ದು. ಒಂದು ಗಾಳ, ಒಂದು ಬೀಸುಬಲೆಗೆ ಮಾತ್ರ ಆ ಲೈಸೆನ್ಸ್ ನಡೆಯುತ್ತದೆ ಅಂದರೆ, ದೊಡ್ಡದಾಗಿ ಹಿಡಿಯಲು ಹೊರಟ ಮಗನಿಗೆ ಅದರಿಂದ ಲಾಭವಿಲ್ಲ. ಫೋಟೋ ಇರುವ ಲೈಸೆನ್ಸ್ ಕೊಡಿ, ಯಾರ ಹೆಸರಿನಲ್ಲಿದೆಯೋ ಅವರು ದಡದಲ್ಲೋ ತೆಪ್ಪದಲ್ಲೋ ಇರಬೇಕು ಅಂತ ಷರತ್ತು ಹಾಕಿ.

ಎರಡನೆಯದು, ಮೀನುಮರಿ ಬಿತ್ತನೆಗೆ ಖರ್ಚಾಗುತ್ತದೆ, ಶುಲ್ಕ ಬಿಟ್ಟರೆ ಹೇಗೆ ಅಂತ. ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ತಂದು ಬಿಡುವುದು ನಿಜ, ಅದಕ್ಕೆ ಹಣ ಬೇಕು ಅನ್ನುವುದೂ ನಿಜ. ಆದರೆ ಆಗಲೇ ಹೇಳಿದ ಹಾಗೆ, ಈಗಿನ ಶುಲ್ಕದಲ್ಲಿ ಹಿರಿಯರು ನವೀಕರಣವನ್ನೇ ಬಿಡುತ್ತಿದ್ದಾರೆ. ಬಿಟ್ಟವರಿಂದ ಬರುವುದು ಸೊನ್ನೆ. ನೂರು ರೂಪಾಯಿ ಅಂತ ಇಟ್ಟರೆ ನೂರಾದರೂ ಬರುತ್ತದೆ.

ಹಣಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ಇದನ್ನು ಅಧಿಕಾರಿಗಳ ಮುಂದೆ ಒತ್ತಿ ಹೇಳಬೇಕು. ದಡದಲ್ಲಿ ದಿನಾ ಕೂರುವವರು ಯಾರು? ಈ ಹಿರಿಯರೇ. ಹೊಳೆಯಲ್ಲಿ ತೋಟೆ ಸಿಡಿಸಿದರೆ, ನೀರಿಗೆ ವಿಷ ಹಾಕಿದರೆ, ಮರಿ ಮೀನೂ ನುಸುಳದ ಸಣ್ಣ ಕಣ್ಣಿನ ಬಲೆ ಬಿಟ್ಟರೆ ಮೊದಲು ಕಾಣಿಸುವುದು ಇವರ ಕಣ್ಣಿಗೆ. ಲೈಸೆನ್ಸ್ ಇದ್ದಾಗ ಧೈರ್ಯವಾಗಿ ಬಂದು ಹೇಳುತ್ತಾರೆ. ಲೈಸೆನ್ಸ್ ಇಲ್ಲದಾಗ? 'ನೀನು ಅಲ್ಲಿ ಏನು ಮಾಡ್ತಿದ್ದೆ' ಅಂತ ಮೊದಲು ಅವರನ್ನೇ ಕೇಳುತ್ತಾರೆ. ಹಾಗಾಗಿ ಬಾಯಿ ಮುಚ್ಚಿಕೊಂಡು ಇರುತ್ತಾರೆ. ಯಗಚಿಯಲ್ಲೋ ವಾಟೆಹೊಳೆಯಲ್ಲೋ ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲೋ ಇಲಾಖೆ ಎಷ್ಟು ಜನ ಕಾವಲುಗಾರರನ್ನು ಇಡಲು ಸಾಧ್ಯ? ಸಂಬಳ ಕೇಳದ ಕಾವಲುಗಾರರನ್ನು ನಾವೇ ಶುಲ್ಕದ ಭಯ ಹಾಕಿ ಓಡಿಸುತ್ತಿದ್ದೇವೆ.

ಸ್ವಲ್ಪ ವಿಷಯ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನೂ ಅಷ್ಟೆ. ಮಂಡಕ್ಕಿ ಹಾಕಿದರೆ ದೊಡ್ಡ ದೊಡ್ಡ ಮೀನು ಮೇಲೆ ಬರುತ್ತವೆ. ಮೀನು ಹಿಡಿದು ಬದುಕುವ ಬೆಸ್ತರ ಮನೆಯವರೂ ಅಲ್ಲಿಗೆ ಹೋಗಿ ಕೈಮುಗಿದು ಬರುತ್ತಾರೆ. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು, ಮುಂಗಾರಿನ ಹೊಸ ನೀರಿಗೆ ಹತ್ತಿ ಬರುವ ಬಸಿರಿ ಮೀನನ್ನು ಯಾಕೆ ಮುಟ್ಟಬಾರದು ಅನ್ನುವುದನ್ನು ಹುಡುಗರಿಗೆ ಹೇಳಿಕೊಡುವವರು ಮನೆಯ ಹಿರಿಯರು. ಅವರು ನೀರಿನ ಹತ್ತಿರ ಇದ್ದರೆ ತಾನೇ ಹೇಳಿಕೊಡುವುದು?

ಮೂರನೆಯ ತಕರಾರು ನಿಜಕ್ಕೂ ಗಟ್ಟಿಯಾದದ್ದು. ಎಪ್ಪತ್ತು ದಾಟಿದವರನ್ನು ನೀರಿಗೆ ಇಳಿಯಲು ನಾವೇ ಹುರಿದುಂಬಿಸಿದ ಹಾಗೆ ಆಗುವುದಿಲ್ಲವೇ? ಈ ಪ್ರಶ್ನೆ ಕೇಳುವವರ ಕಾಳಜಿ ನನಗೆ ಅರ್ಥವಾಗುತ್ತದೆ. ನನ್ನ ಉತ್ತರ ಇಷ್ಟು. ಅವರು ಹೇಗೂ ಇಳಿಯುತ್ತಾರೆ. ಲೈಸೆನ್ಸ್ ಇಲ್ಲದೆ ಇಳಿದರೆ ಯಾರಿಗೂ ಕಾಣದ ಮೂಲೆಗೆ, ಯಾರೂ ಇಲ್ಲದ ಹೊತ್ತಿಗೆ, ಒಬ್ಬರೇ ಹೋಗುತ್ತಾರೆ. ಲೈಸೆನ್ಸ್ ಇದ್ದರೆ ಷರತ್ತು ಹಾಕಬಹುದು. ತೆಪ್ಪದಲ್ಲಿ ಇಬ್ಬರು ಇರಲೇಬೇಕು, ಮೈಮೇಲೆ ಲೈಫ್ ಜಾಕೆಟ್ ಇರಬೇಕು ಅಂತ. ಆ ಜಾಕೆಟ್ಟನ್ನು ಲೈಸೆನ್ಸ್ ಜೊತೆಗೇ ಕೊಡಿ ಅಂತ ನಾವು ಕೇಳಬಹುದು.

ತೆಪ್ಪದಲ್ಲಿ ಇಬ್ಬರು ಅಂದೆನಲ್ಲ, ಆ ಎರಡನೆಯವರು ಬಹಳ ಮನೆಗಳಲ್ಲಿ ಹೆಂಡತಿ. ಗಂಡ ಬಲೆ ಬಿಡುತ್ತಾನೆ, ಹೆಂಡತಿ ಹುಟ್ಟು ಹಾಕುತ್ತಾಳೆ. ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುವಾಗಲೂ ಇಬ್ಬರೂ ಇರುತ್ತಾರೆ. ಮೀನು ಬಿಡಿಸಿ, ಬುಟ್ಟಿಗೆ ಹಾಕಿ, ಸಂತೆಗೆ ಹೊತ್ತು ಮಾರುವವಳೂ ಆಕೆಯೇ. ಲೈಸೆನ್ಸ್ ಮಾತ್ರ ಗಂಡನ ಹೆಸರಿನಲ್ಲಿ. ಗಂಡ ತೀರಿಕೊಂಡರೆ ಆ ತಾಯಿ ಮೀನುಗಾರಳೇ ಅಲ್ಲ ಅಂತ ಆಗಿಬಿಡುತ್ತದೆ. ಹಿರಿಯರ ಲೈಸೆನ್ಸಿನಲ್ಲಿ ಇಬ್ಬರ ಹೆಸರನ್ನೂ ಬರೆಯಲಿ. ಒಬ್ಬರು ಹೋದರೆ ಅದೇ ಶುಲ್ಕಕ್ಕೆ ಇನ್ನೊಬ್ಬರ ಹೆಸರಿನಲ್ಲಿ ಮುಂದುವರಿಯಲಿ. ಈ ಒಂದು ಸಾಲಿಗೋಸ್ಕರ ಜಗಳ ಮಾಡಬೇಕಾಗಿ ಬಂದರೂ ನಾನು ಮಾಡುತ್ತೇನೆ.

ವಯಸ್ಸಿನ ದಾಖಲೆ ಬಗ್ಗೆ ಒಂದು ಮಾತು. ನಮ್ಮ ಹಿರಿಯರಲ್ಲಿ ಎಷ್ಟೋ ಜನರಿಗೆ ಹುಟ್ಟಿದ ದಿನ ಗೊತ್ತಿಲ್ಲ. ಆಧಾರ್ ಮಾಡಿಸುವಾಗ ಅಂದಾಜಿಗೆ ಒಂದು ವರ್ಷ ಹೇಳಿ, ಜನವರಿ ಒಂದು ಅಂತ ಬರೆಸಿದ್ದಾರೆ. ಆ ಅಂದಾಜಿನಲ್ಲಿ ನಾಲ್ಕೈದು ವರ್ಷ ಆಚೀಚೆ ಆಗಿರುತ್ತದೆ. ಮತದಾರರ ಪಟ್ಟಿ, ಹಳೇ ರೇಷನ್ ಕಾರ್ಡು, ಸಂಘದ ಸದಸ್ಯತ್ವದ ರಿಜಿಸ್ಟರು, ಇವುಗಳಲ್ಲಿ ಯಾವುದಾದರೂ ಒಂದು ಸಾಕು ಅಂತ ಆಗಬೇಕು. ನೂರಿನ್ನೂರು ರೂಪಾಯಿ ಉಳಿಸಲು ನಾಲ್ಕು ಸಲ ತಾಲ್ಲೂಕು ಕಚೇರಿಗೆ ಬಸ್ ಚಾರ್ಜು ಕೊಟ್ಟು ಓಡಾಡುವ ಹಾಗೆ ಆಗಬಾರದು.

ಕೊನೆಗೆ, ಯಾರನ್ನು ಏನು ಕೇಳಬೇಕು ಅನ್ನುವುದು. ಇಲ್ಲಿ ಗೊಂದಲ ಮಾಡಿಕೊಳ್ಳಬೇಡಿ. ಹೇಮಾವತಿ, ಭದ್ರೆಯಂಥ ಜಲಾಶಯಗಳಲ್ಲಿ ಮೀನುಗಾರರಿಗೆ ಒಬ್ಬೊಬ್ಬರಿಗೆ ಲೈಸೆನ್ಸ್ ಕೊಡುವುದು ಮೀನುಗಾರಿಕೆ ಇಲಾಖೆ, 1996ರ ಒಳನಾಡು ಮೀನುಗಾರಿಕೆ ಕಾಯ್ದೆಯ ಕೆಳಗೆ. ಅಲ್ಲಿ ಶುಲ್ಕ ಇಳಿಯಬೇಕಾದರೆ ಸರ್ಕಾರದ ಆದೇಶವೇ ಆಗಬೇಕು. ಕೆರೆಗಳ ಕಥೆ ಬೇರೆ. ಸಖರಾಯಪಟ್ಟಣದ ಅಯ್ಯನಕೆರೆಯಂಥ ದೊಡ್ಡ ಕೆರೆ ಇರಲಿ, ನಿಮ್ಮೂರಿನ ಪಂಚಾಯಿತಿ ಕೆರೆ ಇರಲಿ, ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಡುತ್ತಾರೆ. ಗುತ್ತಿಗೆ ಸಂಘದ ಕೈಯಲ್ಲಿದ್ದರೆ ಹಿರಿಯ ಸದಸ್ಯರಿಂದ ಎಷ್ಟು ತೆಗೆದುಕೊಳ್ಳಬೇಕು, ಎಷ್ಟು ಪಾಲು ಕೊಡಬೇಕು ಅಂತ ತೀರ್ಮಾನ ಮಾಡುವುದು ನೀವೇ. ಅದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಂದು ನಿರ್ಣಯ ಸಾಕು. ಗುತ್ತಿಗೆಯ ಲೆಕ್ಕ ಇಡುವ ಫಸಲಿ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ, ಅದಕ್ಕೆ ಮೊದಲೇ ಮಾಡಿ. ಸರ್ಕಾರದ ಮುಂದೆ ಹೋದಾಗ, 'ನಮ್ಮ ಸಂಘದಲ್ಲಿ ಆಗಲೇ ಮಾಡಿದ್ದೇವೆ, ನೀವೂ ಮಾಡಿ' ಅಂತ ಹೇಳುವ ಬಲ ಬರುತ್ತದೆ.

ಇಲಾಖೆಗೆ ಕೊಡುವ ಅರ್ಜಿ ಆಚೆ ಮೇಜಿನ ಮೇಲಿದೆ. ಬರೀ ಸಹಿ ಹಾಕಿ ಹೋಗಬೇಡಿ. ಹೆಸರಿನ ಮುಂದೆ ವಯಸ್ಸು, ಯಾವ ನೀರಿನಲ್ಲಿ ಹಿಡಿಯುತ್ತೀರಿ, ಗಾಳವೋ ಬೀಸುಬಲೆಯೋ ತೆಪ್ಪವೋ, ಕೊನೆಯ ಸಲ ಲೈಸೆನ್ಸ್ ಮಾಡಿಸಿದ್ದು ಯಾವ ವರ್ಷ, ಇಷ್ಟನ್ನೂ ಬರೆಯಿರಿ. ಬರೆಯಲು ಬಾರದವರಿಗೆ ಬರೆದುಕೊಡಲು ಹುಡುಗರು ಕೂತಿದ್ದಾರೆ, ಹೆಬ್ಬೆಟ್ಟು ಒತ್ತಿದರೆ ಸಾಕು. ಗಂಡ ತೀರಿಕೊಂಡ ತಾಯಂದಿರು ದಯವಿಟ್ಟು ಹಿಂದೆ ನಿಲ್ಲಬೇಡಿ, ನಿಮ್ಮ ಹೆಸರಿಗೆ ಬೇರೆಯದೇ ಹಾಳೆ ಇಟ್ಟಿದ್ದೇವೆ.